ಪೊಟರೆಯಲ್ಲಿ ಹುಟ್ಟಿದ ಮದ್ಯ: ಎರಡು ಹುಟ್ಟುಕಥೆಗಳು

ಅರಬರು ಖರ್ಜೂರವನ್ನು ನೀರಿನಲ್ಲಿ ನೆನೆಹಾಕಿ ‘ನಬೀದ್’ ಎಂಬ ಪಾನಕವನ್ನು ಮಾಡುತ್ತಿದ್ದರು. ಒಂದು ರಾತ್ರಿ ನೆನೆದಾಗ ಸಿಹಿಯಾಗಿಯೇ ಇರುವ ಅದು ದಿನ ಕಳೆದಂತೆ ಹುದುಗೆದ್ದು ಅಮಲೇರಿಸುತ್ತಿತ್ತು. ಪೂರ್ವ ಅರೇಬಿಯಾದ ಅಬ್ದುಲ್ ಕೈಸ್ ಬುಡಕಟ್ಟಿನವರಿಗೆ ನಬೀದ್ ಮಾಡಲು ಬಳಸಬಾರದೆಂದು ಪ್ರವಾದಿ ಮುಹಮ್ಮದರು ನಿಷೇಧಿಸಿದ ನಾಲ್ಕು ಬಗೆಯ ಪಾತ್ರೆಗಳಲ್ಲಿ ‘ನಕೀರ್’, ಅಂದರೆ ಖರ್ಜೂರದ ಮರದ ಬುಡವನ್ನು ಕೊರೆದು ಮಾಡಿದ ತೊಟ್ಟಿ, ಒಂದೆಂದು ಹದೀಸ್ ಸಂಗ್ರಹಗಳು ತಿಳಿಸುತ್ತವೆ.

ಮದ್ಯದ ಹುಟ್ಟಿನ ಬಗ್ಗೆ ಅರಬರಲ್ಲಿ ಬೆಳೆದ ಕಥೆ ನಗೆ ತರಿಸುವಂಥದು. ಕೈರೋದ ವಿದ್ವಾಂಸ ಅದ್ದಮೀರಿ (1341–1405) ತನ್ನ ಪ್ರಾಣಿಕೋಶ ‘ಹಯಾತುಲ್ ಹಯವಾನ್’ನಲ್ಲಿ ದಾಖಲಿಸಿರುವಂತೆ, ಆದಮನು ನೆಟ್ಟ ದ್ರಾಕ್ಷಿಬಳ್ಳಿಗೆ ಇಬ್ಲೀಸನು, ಅಂದರೆ ಸೈತಾನನು, ನವಿಲು, ಕೋತಿ, ಸಿಂಹ, ಹಂದಿಗಳ ರಕ್ತವನ್ನು ಒಂದರ ಮೇಲೊಂದರಂತೆ ಉಣಿಸಿದನು, ಆದ್ದರಿಂದಲೇ ಕುಡಿದವನು ನವಿಲಿನಂತೆ ರಂಗೇರಿ, ಕೋತಿಯಂತೆ ಕುಣಿದು, ಸಿಂಹದಂತೆ ಆರ್ಭಟಿಸಿ, ಕೊನೆಗೆ ಹಂದಿಯಂತೆ ಬಿದ್ದುಕೊಳ್ಳುತ್ತಾನೆ.

ಪಾಲಿ ಭಾಷೆಯ ಕುಂಭ ಜಾತಕದ ಕಥೆ ಇನ್ನೂ ಸೂಕ್ಷ್ಮವಾದದ್ದು. ಹಿಮಾಲಯದ ಒಂದು ಮರದ ಕವಲಿನ ಪೊಟರೆಯಲ್ಲಿ ಮಳೆನೀರು ತುಂಬಿ, ಅದಕ್ಕೆ ನೆಲ್ಲಿಕಾಯಿ, ಅಳಲೆಕಾಯಿ, ಮೆಣಸು ಉದುರಿ, ಗಿಳಿಗಳು ಕಚ್ಚಿ ತಂದ ಭತ್ತವೂ ಬಿದ್ದು, ಎಲ್ಲವೂ ಬಿಸಿಲಿಗೆ ಹುದುಗುತ್ತದೆ. ಅದನ್ನು ಕುಡಿದ ಹಕ್ಕಿಗಳು ಮರದ ಬುಡಕ್ಕೆ ಬಿದ್ದು, ಸ್ವಲ್ಪ ಹೊತ್ತು ಮಲಗಿ, ಮತ್ತೆ ಹಾರಿಹೋಗುವುದನ್ನು ಕಂಡ ಸುರನೆಂಬ ಬೇಡನು, ವಿಷವಾಗಿದ್ದರೆ ಇವು ಸಾಯಬೇಕಿತ್ತೆಂದು ತರ್ಕಿಸಿ ತಾನೂ ಕುಡಿದು, ವರುಣನೆಂಬ ತಪಸ್ವಿಗೂ ಕುಡಿಸುತ್ತಾನೆ. ಮುಂದೆ ಇಬ್ಬರೂ ಶ್ರಾವಸ್ತಿಯ ಅರಸನಿಗಾಗಿ ಐನೂರು ಗಡಿಗೆಗಳಲ್ಲಿ ಸುರೆಯನ್ನು ಹೂಡಿ, ಇಲಿಗಳ ಕಾಟಕ್ಕೆಂದು ಒಂದೊಂದಕ್ಕೂ ಬೆಕ್ಕನ್ನು ಕಟ್ಟಿದಾಗ, ಸೋರಿದ ಸುರೆಯನ್ನು ನೆಕ್ಕಿ ಮೈಮರೆತ ಬೆಕ್ಕುಗಳ ಕಿವಿ, ಮೂಗು, ಬಾಲಗಳನ್ನು ಇಲಿಗಳೇ ಕಡಿಯುತ್ತವೆ. ಬೆಕ್ಕುಗಳು ಸತ್ತವೆಂದು ಬಗೆದ ಅರಸನು ಇಬ್ಬರ ತಲೆ ತೆಗೆಸಿದ ಮೇಲೆ ಅವು ಎದ್ದು ಆಡತೊಡಗುತ್ತವೆ.

1857ರಲ್ಲಿ ಲೂಯಿ ಪಾಶ್ಚರ್ ಹುದುಗುವಿಕೆಯನ್ನು ಸೂಕ್ಷ್ಮಜೀವಿಗಳ ಕೆಲಸವೆಂದು ನಿರೂಪಿಸಲು ತೊಡಗುವ ಎಷ್ಟೋ ಶತಮಾನಗಳ ಮೊದಲೇ, ಧಾನ್ಯ, ಹಣ್ಣು, ನೀರು, ಬೆಚ್ಚನೆಯ ಹವೆ ಇವಿಷ್ಟು ಕೂಡಿದರೆ ಸಾಕೆಂಬುದನ್ನು ಈ ಜಾತಕ ಕಥೆ ಬಲ್ಲದು. ಪಾತ್ರೆಯ ಪಾತ್ರವನ್ನು ನಕೀರಿನ ನಿಷೇಧ ಗುರುತಿಸುತ್ತದೆ. ಕರಾವಳಿಯ ಮೂರ್ತೆದಾರರು, ಅಂದರೆ ಕಳ್ಳು ಇಳಿಸುವವರು, ಸಿಹಿ ನೀರಾ ಬೇಕಾದಾಗ ಮಡಕೆಯ ಒಳಮೈಗೆ ಸುಣ್ಣ ಬಳಿಯುವುದೂ ಅದೇ ಅರಿವಿನಿಂದ. ನಗೆಗಥೆಯ ರೂಪದಲ್ಲಿ ಜನರು ಕಾಪಿಟ್ಟ ಇಂಥ ತಿಳಿವಳಿಕೆಗೆ ಪಾನೀಯಗಳ ಚರಿತ್ರೆಯಲ್ಲಿ ಮೊದಲ ಅಧ್ಯಾಯದ ಸ್ಥಾನ ಸಲ್ಲಬೇಕು.