ಸಜ್ಜೆ ಕೆಳಗಿನ ಸ್ಪ್ಲಿಟರ್

2020ರ ಮೇ. ಲಾಕ್‌ಡೌನ್. ಆರ್.ಟಿ. ನಗರದ ನಮ್ಮನೆಯ ಹಿಂದಿನ ರೂಮೇ ನನ್ನ ಆಫೀಸು. ಸಂಜೆ ನಾಲ್ಕು ಹನಿ ಬಿದ್ದರೆ ಸಾಕು, ಮೀಟಿಂಗಿನಲ್ಲಿದ್ದವರೆಲ್ಲ ಬಾಯಿ ತೆರೆದುಕೊಂಡು ಕಲ್ಲಾಗಿಬಿಡೋರು. ಪ್ರೊಬೇಷನ್ ಮುಗಿಯೋಕೆ ಇನ್ನೂ ಒಂದು ತಿಂಗಳಿತ್ತು. ಸುತ್ತಮುತ್ತ ಜನ ಕೆಲಸ ಕಳ್ಕೊಳ್ತಿದ್ದ ಕಾಲ. ಮೂರನೇ ಸಲ ಮಧ್ಯದಲ್ಲೇ ಮಾಯವಾದಾಗ ಮ್ಯಾನೇಜರು ಏನೂ ಅನ್ನಲಿಲ್ಲ. ಅದೇ ಹೆಚ್ಚು ಭಯವಾಗಿದ್ದು.

ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ರೂಟರಿನ ಮೇಲೆ ಗೂಬೆ ಕೂರಿಸಿ ಹೊಸದೊಂದು ತರಿಸಿದೆ. ಮಳೆ ಬಂತು, ಕನೆಕ್ಷನ್ ಹೋಯ್ತು. ಆಮೇಲೆ ಕೇಬಲ್ ಅಣ್ಣನಿಗೆ ಫೋನ್ ಮಾಡಿ ಚೆನ್ನಾಗಿ ಜಗಳ ಆಡಿದೆ. ನಾನು ಸ್ಕೂಲಿಗೆ ಹೋಗ್ತಿದ್ದಾಗಿಂದ ನಮ್ಮ ಬೀದಿಗೆ ವೈರ್ ಎಳೆದವರು ಅವರೇ. ಪೂರ್ತಿ ಕೇಳಿಸ್ಕೊಂಡು, "ನೋಡಮ್ಮ, ರೂಟರ್ ಪಕ್ಕಕ್ಕಿಡು. ಲ್ಯಾಪ್‌ಟಾಪನ್ನ ನೇರ ಮೋಡೆಮ್‌ಗೆ ಹಾಕು. ಮೋಡೆಮ್ ಆಫ್ ಮಾಡಿ ಆನ್ ಮಾಡು, ಇಲ್ಲಾಂದ್ರೆ ಅದು ಹಳೇ ರೂಟರನ್ನೇ ನೆನಪಿಟ್ಕೊಂಡಿರುತ್ತೆ. ಆಮೇಲೆ ಯಾವ ಲೈಟ್ ಮಿಣುಕುತ್ತೆ ಹೇಳು" ಅಂದರು.

ಮಿಣುಕುತ್ತಿದ್ದದ್ದು 'ಯುಎಸ್' ಅಂತ ಬರೆದಿದ್ದ ಲೈಟು. ಅಮೆರಿಕ ಅಲ್ಲ, ಅಪ್‌ಸ್ಟ್ರೀಮ್. ಅಂದರೆ ಹೊರಗಿಂದ ಮನೆಯೊಳಕ್ಕೆ ಎಲ್ಲ ಬರ್ತಿದೆ, ನಮ್ಮ ಮಾತು ಮಾತ್ರ ಹೊರಗೆ ಹೋಗ್ತಿಲ್ಲ. ರೂಟರ್ ಪಾಪ, ನಿರಪರಾಧಿ.

ಇದು ಯಾಕೆ ಹೀಗೆ ಅಂತ ತಿಳೀಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟೆಲಿಫೋನ್ ತಂತಿ ಮೊದಲಿಂದಲೂ ಎರಡು ಕಡೆಯ ಮಾತಿಗೇ ಹುಟ್ಟಿದ್ದು, ಒಂದೊಂದು ಮನೆಗೂ ಬೇರೆ ಬೇರೆ ಜೋಡಿ. ಕೇಬಲ್ ಟಿವಿಯದು ಹಾಗಲ್ಲ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧವನ್ನ ಸಿಎನ್‌ಎನ್ ನೇರವಾಗಿ ತೋರಿಸಿತು, ಅದೇ ವರ್ಷ ಸ್ಟಾರ್ ಟಿವಿ ಬಂತು. ಊರೂರಲ್ಲಿ ಯಾರೋ ಒಬ್ಬರು ತಾರಸಿ ಮೇಲೆ ಡಿಶ್ ಇಟ್ಟು, ಅಲ್ಲಿಂದ ತೆಂಗಿನ ಮರ, ಲೈಟ್ ಕಂಬ, ಪಕ್ಕದ್ಮನೆ ಪ್ಯಾರಾಪೆಟ್ಟು ಹಿಡಿದು ಕಪ್ಪು ವೈರ್ ಹಂಚಿದರು. 1995ರಲ್ಲಿ ಕೇಬಲ್ ಟಿವಿ ಕಾಯ್ದೆ ಬಂದು, ಆಪರೇಟರುಗಳು ಹೆಡ್ ಪೋಸ್ಟಾಫೀಸಿಗೆ ಹೋಗಿ ನೋಂದಣಿ ಮಾಡಿಸಬೇಕಾಯ್ತು. ನಗಬೇಡಿ, ಅದೇ ವರ್ಷ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಶುರು ಮಾಡಿದ್ದು. ಆದರೆ ಎರಡಕ್ಕೂ ಒಂದಕ್ಕೊಂದು ಪರಿಚಯವೇ ಇರಲಿಲ್ಲ. ಇಂಟರ್ನೆಟ್ಟು ಫೋನ್ ತಂತಿಯಲ್ಲಿ ಕಿರುಗುಟ್ಟುತ್ತಾ ಬರ್ತಿತ್ತು. ಟಿವಿ ವೈರು ಮೇಲಿಂದ ಕೆಳಕ್ಕೆ ಹರಿಯೋ ನಲ್ಲಿ ನೀರು, ವಾಪಸ್ ಹೋಗೋ ಪ್ರಶ್ನೆಯೇ ಇಲ್ಲ.

1997ರಲ್ಲಿ ಅಮೆರಿಕದ ಕೇಬಲ್ ಕಂಪನಿಗಳ ಸಂಶೋಧನಾ ಸಂಸ್ಥೆ ಕೇಬಲ್‌ಲ್ಯಾಬ್ಸ್, 'ಡಾಕ್ಸಿಸ್' ಅನ್ನೋ ಮಾನದಂಡ ಹೊರತಂದಿತು. ಟಿವಿ ಚಾನೆಲ್‌ಗಳು ಬಿಟ್ಟಿದ್ದ ಕೆಳಗಿನ ಜಾಗ, ಅಂದರೆ 5ರಿಂದ 42 ಮೆಗಾಹರ್ಟ್ಸ್, ಯುರೋಪಿನ ಲೆಕ್ಕದಲ್ಲಿ 65ರ ತನಕ, ಮನೆಯಿಂದ ವಾಪಸ್ ಹೋಗೋ ಮಾತಿಗೆ ಮೀಸಲಾಯ್ತು. ಕಂಬದ ಮೇಲಿನ ಒಮ್ಮುಖ ಆಂಪ್ಲಿಫೈಯರ್‌ಗಳನ್ನ ಕಿತ್ತು ಇಮ್ಮುಖದವನ್ನ ಹಾಕಬೇಕಾಯ್ತು. ಕಂಬದ ತನಕ ಕಂಪನಿ ಬದಲಾಯಿಸುತ್ತೆ. ಮನೆಯೊಳಗಿನ ಹಳೇದನ್ನ ಯಾರು ಬದಲಾಯಿಸ್ತಾರೆ?

ಬ್ರೌಸರಿನಲ್ಲಿ 192.168.100.1 ಅಂತ ಹೊಡೆದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳ ಒಳಗಿನ ಪುಟ ತೆರೆಯುತ್ತೆ. ನಮ್ಮದರಲ್ಲಿ ಬಿಸಿಲಿದ್ದಾಗ ಅಪ್‌ಸ್ಟ್ರೀಮ್ ಪವರ್ 48 ಡಿಬಿಎಂವಿ, ಮಳೆಯಲ್ಲಿ 54. ಮೋಡೆಮ್ ಪಿಸುಗುಟ್ಟಿದರೆ ಕೇಳಿಸದಿದ್ದಾಗ ದನಿ ಏರಿಸ್ತಾ ಹೋಗುತ್ತೆ. ಐವತ್ತು ದಾಟಿತು ಅಂದ್ರೆ ಗಂಟಲು ಹರ್ಕೊಳ್ತಿದೆ ಅಂತ ಲೆಕ್ಕ. ಅಲ್ಲಿಗೆ ತಪ್ಪು ವೈರಿನದು ಅಂತ ಗೊತ್ತಾಯ್ತು.

ಏಣಿ ಹಾಕಿ ಹತ್ತಿದೆ. ಸಜ್ಜೆ ಕೆಳಗೆ, ಜೇಡರ ಬಲೆಯ ಹಿಂದೆ, ತುಕ್ಕು ಹಿಡಿದು ಹಸಿರುಗಟ್ಟಿದ ಸಣ್ಣ ಲೋಹದ ಡಬ್ಬಿ. ಒಂದು ವೈರ್ ಒಳಗೆ, ಎರಡು ಹೊರಗೆ. ಮೇಲೆ ಸವೆದ ಅಕ್ಷರ: 40–860. ಅಂದರೆ ಟಿವಿಗಷ್ಟೇ ಲಾಯಕ್ಕು. ವಾಪಸ್ ಹೋಗೋ ಮಾತಿನ ಬಹುಪಾಲು ಜಾಗ ಅದರ ಲೆಕ್ಕದಲ್ಲೇ ಇಲ್ಲ.

"ಅಪ್ಪಾ, ಇದು ಯಾರು ಹಾಕಿದ್ದು?"

ಅಪ್ಪ ಪೇಪರಿಂದ ತಲೆ ಎತ್ತಲಿಲ್ಲ. ಅಮ್ಮ ಹೇಳಿದಳು. 1996ರ ಮಾರ್ಚ್ 9, ಚಿನ್ನಸ್ವಾಮಿಯಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಅಜ್ಜಿಗೆ ಉದಯ ಟಿವಿಯಲ್ಲಿ ಸಿನಿಮಾ ಬೇಕು. ಉದಯ ಶುರುವಾಗಿ ಇನ್ನೂ ಎರಡು ವರ್ಷವೂ ಆಗಿರಲಿಲ್ಲ, ಕನ್ನಡ ಚಾನೆಲ್ ಅಂದ್ರೆ ಅಜ್ಜಿಗೆ ಅದೇ ದೇವರಮನೆ. ಎರಡನೇ ಟಿವಿಗೆ ಕೇಬಲ್‌ನವರು ಬೇರೆ ದುಡ್ಡು ಕೇಳ್ತಿದ್ರು. ಅಪ್ಪ ಅವರಿಗೆ ಗೊತ್ತಾಗದ ಹಾಗೆ ಸ್ಪ್ಲಿಟರ್ ತಂದು ಸಜ್ಜೆ ಕೆಳಗೆ ಸಿಕ್ಕಿಸಿ, ಅಜ್ಜಿ ರೂಮಿಗೆ ವೈರ್ ಎಳೆದಿದ್ರು. ಸೋಹೈಲ್ ಬ್ಯಾಟ್ ತೋರಿಸಿದ್ದು, ವೆಂಕಟೇಶ್ ಪ್ರಸಾದ್ ಮುಂದಿನ ಬಾಲಿಗೇ ಸ್ಟಂಪ್ ಹಾರಿಸಿದ್ದು, ಅಪ್ಪ ಹಾಲಿನಲ್ಲಿ ನಿಶ್ಚಿಂತೆಯಿಂದ ನೋಡಿದ್ರಂತೆ.

ಅಜ್ಜಿ ಹೋಗಿ ಹನ್ನೊಂದು ವರ್ಷ. ಟಿವಿಯೂ ಹೋಯ್ತು. ಆದರೆ ಆ ವೈರಿನ ತುದಿ ಬೀರುವಿನ ಹಿಂದೆ ಬರಿದಾಗಿ ಬಿದ್ದಿತ್ತು. ಬರಿದಾದ ತುದಿ ಅಂದ್ರೆ ಆಂಟೆನಾ. ಮಿಕ್ಸಿ, ಮೋಟಾರು, ರೇಡಿಯೋ ಎಲ್ಲದರ ಗದ್ದಲವನ್ನೂ ಹೀರಿ ಮೇಲಕ್ಕೆ ಕಳಿಸುತ್ತೆ. ಅಲ್ಲಿ ಬೀದಿಯವರೆಲ್ಲರ ವಾಪಸ್ ದಾರಿ ಒಂದೇ. ಕಾಯ್ದ ಎಣ್ಣೆಗೆ ನೀರು ಬಿದ್ದ ಹಾಗೆ, ಒಬ್ಬರ ಮನೆಯ ಹನಿಗೆ ಎಲ್ಲರ ಬಾಣಲೆಯೂ ಸಿಡಿಯುತ್ತೆ.

ಎರಡು ದಿನ ಬಿಟ್ಟು ಕೇಬಲ್ ಅಣ್ಣ ಮಾಸ್ಕ್ ಹಾಕ್ಕೊಂಡು ಬಂದರು. ಸ್ಪ್ಲಿಟರ್ ಕಿತ್ತರು, ಹೊಸ ಕನೆಕ್ಟರ್ ಒತ್ತಿ ವೈರನ್ನ ನೇರ ಜೋಡಿಸಿದರು. 43ಕ್ಕೆ ಇಳಿಯಿತು. ಅಂದು ಸಂಜೆ ಧೋ ಅಂತ ಮಳೆ, ಲೈಟ್ ಅಲುಗಲಿಲ್ಲ. ಡಬ್ಬಿಯನ್ನ ಅಂಗೈಲಿ ತಿರುಗಿಸಿ ನೋಡುತ್ತಾ, "ಈ ಸಾಲಿನಿಂದ ನಾಲ್ಕು ಮನೆ ಕಂಪ್ಲೇಂಟ್ ಇತ್ತು ಕಣಮ್ಮ. ಆಂಪ್ಲಿಫೈಯರ್ ಎರಡು ಸಲ ಬದಲಾಯಿಸಿದ್ದೆ" ಅಂದರು. ಆಂಪ್ಲಿಫೈಯರಿಗೆ ಕೈಯಿಂದ ಕೊಟ್ಟ ದುಡ್ಡು ಎಷ್ಟು ಅಂತ ಹೇಳಲಿಲ್ಲ, ನನಗೆ ಕೇಳೋಕೆ ಮುಖ ಇರಲಿಲ್ಲ.

ಅಪ್ಪ ಒಳಗಿಂದ ಕಾಫಿ ತಂದುಕೊಟ್ಟರು. ಅವರು ಕೈಯಾರೆ ಕಾಫಿ ಮಾಡಿದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ತೊಂಬತ್ತಾರರ ಮ್ಯಾಚಿಗೆ ಹಾಕಿದ್ದು" ಅಂದರು, ಗೋಡೆ ನೋಡ್ತಾ.

"ಗೊತ್ತಿತ್ತು ಸಾರ್," ಅಂದರು ಅಣ್ಣ. "ಅವತ್ತು ಬೀದಿ ತುಂಬಾ ಪಿಕ್ಚರ್ ಮಂಕಾಗಿತ್ತು."

ಈಗ ನಮ್ಮನೆಗೆ ಫೈಬರ್ ಬಂದಿದೆ. ಕಪ್ಪು ವೈರು ತಾರಸಿ ಮೇಲೆ ಹಾಗೇ ಇದೆ, ಅಮ್ಮ ಅದರ ಮೇಲೆ ಬಟ್ಟೆ ಒಣಗಿಸ್ತಾಳೆ.