ಫೋಟೊ ಸಿಗುವ ಮೊದಲೇ ಕಪ್ಪುಕುಳಿ ಇದೆ ಅಂತ ಹೇಗೆ ಗೊತ್ತಾಯ್ತು?

2019ರ ಏಪ್ರಿಲ್ 10ರಂದು ಕಿತ್ತಳೆ ಬಣ್ಣದ ಮಸುಕು ಬಳೆಯಂಥ ಚಿತ್ರವೊಂದು ಲೋಕದ ಎಲ್ಲ ಫೋನುಗಳಿಗೂ ಬಂತು. ಎಂ87 ಎಂಬ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ನೆರಳು ಅದು. ‘ಕಪ್ಪುಕುಳಿ ಇರೋದು ಕೊನೆಗೂ ಸಾಬೀತಾಯ್ತು’ ಅಂತ ಹಂಚಿಕೊಂಡವರು ಬಹಳ ಮಂದಿ. ಚಿತ್ರ ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ಸಾಬೀತು ಮಾಡಿದ್ದೇ ಫೋಟೊ ಅನ್ನೋದು ಸರಿಯಲ್ಲ. ಅದಕ್ಕೂ ಐದು ದಶಕ ಮೊದಲೇ ಖಗೋಳ ವಿಜ್ಞಾನಿಗಳು ಈ ತೀರ್ಮಾನದ ಕಡೆಗೆ ಹೊರಟಿದ್ದರು.

ಎಲ್ಲದಕ್ಕೂ ‘ವಿಡಿಯೊ ಇದೆಯಾ’ ಎಂದು ಕೇಳಿ, ಕೊಟ್ಟರೆ ‘ಎಡಿಟ್ ಮಾಡಿದ್ದು’ ಎಂದು ತಳ್ಳಿಹಾಕುವ ಕಾಲ ಇದು. ಕಣ್ಣಿಗೆ ಕಾಣದ ವಸ್ತುವಿಗೆ ಸಾಕ್ಷ್ಯ ಹೇಗೆ ಕಟ್ಟುತ್ತಾರೆ ಎಂಬುದನ್ನು ತಿಳಿಯೋದಕ್ಕೆ ಸಕ್ರಿಯ ಗ್ಯಾಲಕ್ಸಿಗಳ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸಕ್ರಿಯ ಗ್ಯಾಲಕ್ಸಿ ಅಂದ್ರೆ ಏನು?

ಸಾಮಾನ್ಯ ಗ್ಯಾಲಕ್ಸಿಯ ಬೆಳಕು ಅಂದರೆ ಅದರಲ್ಲಿರುವ ಕೋಟ್ಯಂತರ ನಕ್ಷತ್ರಗಳ ಬೆಳಕಿನ ಮೊತ್ತ. ಕೆಲವು ಗ್ಯಾಲಕ್ಸಿಗಳಲ್ಲಿ ಈ ಲೆಕ್ಕ ಕೂಡುವುದಿಲ್ಲ. ನಟ್ಟನಡುವಿನ ಒಂದು ಚುಕ್ಕಿಯಿಂದಲೇ ಮಿತಿಮೀರಿದ ಬೆಳಕು, ಎಕ್ಸ್‌ರೇ, ರೇಡಿಯೊ ಅಲೆ ಬರುತ್ತಿರುತ್ತೆ. ಇವೇ ಸಕ್ರಿಯ ಗ್ಯಾಲಕ್ಸಿಗಳು.

1943ರಲ್ಲಿ ಅಮೆರಿಕದ ಕಾರ್ಲ್ ಸೇಫರ್ಟ್ ಇಂಥ ಆರು ಗ್ಯಾಲಕ್ಸಿಗಳ ನಡುಭಾಗದ ರೋಹಿತವನ್ನು ವಿವರಿಸಿದರು. ರೋಹಿತದ ಗೆರೆಗಳು ತೆಳ್ಳಗಿರದೆ ಅಗಲವಾಗಿ ಹರಡಿದ್ದವು. ಅಂದರೆ ಅಲ್ಲಿನ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಅತ್ತಿತ್ತ ಓಡುತ್ತಿದೆ. ಅಷ್ಟು ವೇಗದ ಅನಿಲವನ್ನು ಹಿಡಿದಿಟ್ಟಿರೋದು ಏನು? ಆ ಪ್ರಶ್ನೆ ಸುಮಾರು ಇಪ್ಪತ್ತು ವರ್ಷ ಹಾಗೇ ಉಳಿಯಿತು.

ಚಂದ್ರ ಕೊಟ್ಟ ಸುಳಿವು

1962ರಲ್ಲಿ ‘3ಸಿ 273’ ಎಂಬ ರೇಡಿಯೊ ಮೂಲವನ್ನು ಚಂದ್ರ ಮರೆಮಾಡುವವನಿದ್ದ. ಚಂದ್ರನ ಅಂಚು ಯಾವ ಕ್ಷಣದಲ್ಲಿ ಎಲ್ಲಿರುತ್ತೆ ಅನ್ನೋದು ಕರಾರುವಾಕ್ಕಾಗಿ ಗೊತ್ತು. ಹಾಗಾಗಿ ಸಿಗ್ನಲ್ ಕಡಿದ ಮತ್ತು ಮರಳಿದ ಹೊತ್ತು ಬರೆದುಕೊಂಡರೆ ಮೂಲದ ವಿಳಾಸ ಸಿಕ್ಕಂತೆ. ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಆ ವಿಳಾಸ ಹಿಡಿದರು. ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿ ಮಾರ್ಟೆನ್ ಸ್ಮಿತ್ ಅದೇ ಜಾಗದ ರೋಹಿತ ತೆಗೆದರು. ನೋಡೋಕೆ ನಕ್ಷತ್ರದ ಥರ, ಆದರೆ ಗೆರೆಗಳು ಯಾವ ಧಾತುವಿಗೂ ಹೊಂದುವುದಿಲ್ಲ. 1963ರ ಫೆಬ್ರವರಿಯಲ್ಲಿ ಸ್ಮಿತ್‌ಗೆ ಹೊಳೆಯಿತು: ಇವು ಹೈಡ್ರೋಜನ್ ಗೆರೆಗಳೇ, ಆದರೆ ಸುಮಾರು 16 ಶೇಕಡಾ ಕೆಂಪಿನ ಕಡೆ ಸರಿದಿವೆ. ಹಿಗ್ಗುತ್ತಿರುವ ವಿಶ್ವದಲ್ಲಿ ಅಷ್ಟು ಸರಿಯಬೇಕಾದರೆ ಅದು 200 ಕೋಟಿ ಜ್ಯೋತಿರ್ವರ್ಷಕ್ಕೂ ದೂರ ಇರಬೇಕು. ಅಷ್ಟು ದೂರದಿಂದಲೂ ಸಾಧಾರಣ ದೂರದರ್ಶಕಕ್ಕೆ ಕಾಣುತ್ತೆ ಅಂದರೆ ಅದರ ಬೆಳಕು ಸೂರ್ಯನಿಗಿಂತ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು. ಇಂಥವಕ್ಕೆ ಮುಂದೆ ‘ಕ್ವೇಸಾರ್’ ಅನ್ನುವ ಹೆಸರು ಬಂತು.

ಇಷ್ಟೊಂದು ಬೆಳಕು ಎಲ್ಲಿಂದ?

ಇಲ್ಲಿಂದ ಎರಡು ಸರಳ ವಾದಗಳು. ಮೊದಲನೆಯದು ಗಾತ್ರದ್ದು. ಹಳೆಯ ಫೋಟೊ ಫಲಕಗಳನ್ನು ತೆಗೆದು ನೋಡಿದರೆ 3ಸಿ 273ರ ಬೆಳಕು ಏರಿಳಿದಿತ್ತು. ಕೆಲವು ಸಕ್ರಿಯ ಗ್ಯಾಲಕ್ಸಿಗಳ ಬೆಳಕು ದಿನಗಳಲ್ಲೇ ಬದಲಾಗುತ್ತೆ. ಮೈಲುದ್ದದ ಮೆರವಣಿಗೆಯಲ್ಲಿ ಮುಂದಿನವರು ಘೋಷಣೆ ಬದಲಿಸಿದರೆ ಅದು ಹಿಂದಿನವರನ್ನು ಮುಟ್ಟಲು ಹೊತ್ತು ಹಿಡಿಯುತ್ತೆ. ಎಲ್ಲರ ಬಾಯಲ್ಲೂ ಥಟ್ಟನೆ ಹೊಸ ಘೋಷಣೆ ಬಂದರೆ ಗುಂಪು ಚಿಕ್ಕದೆಂದೇ ಅರ್ಥ. ಇಲ್ಲಿ ಸುದ್ದಿ ಮುಟ್ಟಿಸುವ ಗರಿಷ್ಠ ವೇಗ ಬೆಳಕಿನದು. ಕೆಲವು ದಿನಗಳಲ್ಲಿ ಬದಲಾಗುವ ವಸ್ತು ಕೆಲವು ದಿನ ಬೆಳಕು ಓಡುವಷ್ಟು ದೂರಕ್ಕಿಂತ ದೊಡ್ಡದಿರಲು ಸಾಧ್ಯವಿಲ್ಲ. ಇಡೀ ಗ್ಯಾಲಕ್ಸಿಯನ್ನು ಮಂಕಾಗಿಸುವ ದೀಪ ನಮ್ಮ ಸೌರವ್ಯೂಹದ ಆಸುಪಾಸಿನ ಗಾತ್ರದ್ದು!

ಎರಡನೆಯದು ದಕ್ಷತೆಯದು. ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಇದೇ ಹೆಚ್ಚು ಇಷ್ಟ. ಕಲ್ಲಿದ್ದಲು ಉರಿಸಿದರೆ ಅದರ ದ್ರವ್ಯರಾಶಿಯ ನೂರು ಕೋಟಿಯಲ್ಲಿ ಒಂದು ಪಾಲೂ ಶಕ್ತಿಯಾಗುವುದಿಲ್ಲ. ಸೂರ್ಯನೊಳಗಿನ ಹೈಡ್ರೋಜನ್ ಸಮ್ಮಿಲನದಲ್ಲಿ 0.7 ಶೇಕಡಾ ಶಕ್ತಿಯಾಗುತ್ತೆ. ಅದೇ ಅನಿಲ ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಸುತ್ತುತ್ತಾ, ಉಜ್ಜಿ ಬಿಸಿಯಾಗುತ್ತಾ ಒಳಗಿಳಿದರೆ ಸುಮಾರು 6ರಿಂದ 42 ಶೇಕಡಾವರೆಗೆ ಹೊರಬರಬಹುದು. ಕಪ್ಪುಕುಳಿ ಎಷ್ಟು ವೇಗವಾಗಿ ಬುಗುರಿಯಂತೆ ತಿರುಗುತ್ತಿದೆ ಅನ್ನೋದರ ಮೇಲೆ ಈ ಅಂಕಿ ನಿಂತಿದೆ. 1964ರಲ್ಲಿ ಅಮೆರಿಕದಲ್ಲಿ ಎಡ್ವಿನ್ ಸಾಲ್ಪೀಟರ್, ಸೋವಿಯತ್ ಒಕ್ಕೂಟದಲ್ಲಿ ಯಾಕೊವ್ ಝೆಲ್ಡೊವಿಚ್ ಬೇರೆ ಬೇರೆಯಾಗಿ ಈ ದಿಕ್ಕಿನಲ್ಲಿ ಬರೆದರು. ಶೀತಲ ಸಮರದ ಎರಡು ಬದಿ, ಉತ್ತರ ಒಂದೇ.

ಗಮನಿಸಿ: ಬೆಳಕು ಬರೋದು ಕುಳಿಯೊಳಗಿಂದಲ್ಲ, ಅದಕ್ಕೆ ಬೀಳುತ್ತಿರುವ ಅನಿಲದಿಂದ. ಇನ್ನೊಂದು ತಪ್ಪುಕಲ್ಪನೆಯನ್ನೂ ಇಲ್ಲೇ ಬಿಡೋಣ. ಕಪ್ಪುಕುಳಿ ವ್ಯಾಕ್ಯೂಮ್ ಕ್ಲೀನರ್ ಅಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿ ಇಟ್ಟರೂ ಭೂಮಿ ಈಗಿನ ಕಕ್ಷೆಯಲ್ಲೇ ಸುತ್ತುತ್ತಿರುತ್ತೆ. ಚಳಿಗೆ ನಾವು ಸಾಯ್ತೀವಿ, ಅದು ಬೇರೆ ಮಾತು.

ಹೆಸರು ಹತ್ತು, ಯಂತ್ರ ಒಂದು

ಸೇಫರ್ಟ್ ಗ್ಯಾಲಕ್ಸಿ, ರೇಡಿಯೊ ಗ್ಯಾಲಕ್ಸಿ, ಕ್ವೇಸಾರ್, ಬ್ಲೇಜಾರ್ ಎಂದು ಹೆಸರುಗಳು ಬೆಳೆದವು. 1990ರ ದಶಕದ ಹೊತ್ತಿಗೆ ಸ್ಪಷ್ಟವಾದದ್ದು ಇಷ್ಟು: ಬಹುಪಾಲು ವ್ಯತ್ಯಾಸ ನಾವು ಯಾವ ಕೋನದಿಂದ ನೋಡುತ್ತಿದ್ದೇವೆ ಮತ್ತು ಕುಳಿಗೆ ಎಷ್ಟು ಊಟ ಸಿಗುತ್ತಿದೆ ಎಂಬುದರದ್ದು. ಸುತ್ತಲಿನ ದೂಳಿನ ವಲಯ ಅಡ್ಡ ಬಂದರೆ ಒಂದು ಹೆಸರು, ಬರದಿದ್ದರೆ ಇನ್ನೊಂದು. ಕೆಲವು ಕುಳಿಗಳ ಎರಡೂ ಧ್ರುವಗಳಿಂದ ಬೆಳಕಿನ ವೇಗದ ಸಮೀಪಕ್ಕೆ ಜೆಟ್‌ಗಳು ಚಿಮ್ಮುತ್ತವೆ. ಎಂ87ರ ಜೆಟ್ ಅನ್ನು ಹೀಬರ್ ಕರ್ಟಿಸ್ 1918ರಲ್ಲೇ ಗುರುತಿಸಿದ್ದರು, ಅದೇನೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಜೆಟ್ ನೇರ ನಮ್ಮತ್ತ ಮುಖ ಮಾಡಿದ್ದರೆ ಅದು ಬ್ಲೇಜಾರ್.

ಒಪ್ಪದವರೂ ಇದ್ದರು

ಇದನ್ನು ಎಲ್ಲರೂ ಒಂದೇ ಏಟಿಗೆ ಒಪ್ಪಲಿಲ್ಲ. ಹಾಲ್ಟನ್ ಆರ್ಪ್, ಫ್ರೆಡ್ ಹಾಯ್ಲ್, ಜೆಫ್ರಿ ಬರ್ಬಿಜ್ ಮತ್ತು ನಮ್ಮ ಜಯಂತ್ ನಾರ್ಲೀಕರ್ ಕ್ವೇಸಾರ್‌ಗಳ ದೂರವನ್ನೇ ದಶಕಗಳ ಕಾಲ ಪ್ರಶ್ನಿಸಿದರು. ಗೆರೆ ಸರಿಯಲು ಬೇರೆ ಕಾರಣ ಇರಬಹುದಲ್ವಾ? ಹಾಗಾದರೆ ಕ್ವೇಸಾರ್ ಹತ್ತಿರದ್ದು, ಇಷ್ಟೊಂದು ಶಕ್ತಿಯ ತಲೆನೋವೇ ಇಲ್ಲ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬಂದಿದ್ದು ಬೈಗುಳದಿಂದಲ್ಲ, ಅಳತೆಯಿಂದ. ಕ್ವೇಸಾರ್‌ಗಳ ಸುತ್ತ ಮಸುಕಾದ ಗ್ಯಾಲಕ್ಸಿಗಳು ಕಂಡವು, ಅವುಗಳ ಗೆರೆಗಳೂ ಅಷ್ಟೇ ಸರಿದಿದ್ದವು. ಭಿನ್ನಮತಕ್ಕೆ ಜಾಗ ಇರಬೇಕು, ಸಾಕ್ಷ್ಯ ಬಂದಾಗ ವಾದ ಸೋಲಲೂಬೇಕು. ಎರಡರಲ್ಲಿ ಒಂದನ್ನಷ್ಟೇ ಇಟ್ಟುಕೊಂಡರೆ ಅದು ವಿಜ್ಞಾನವಲ್ಲ. ಪ್ರಜಾಪ್ರಭುತ್ವದ ಚರ್ಚೆಗೂ ಇದೇ ಅನ್ವಯಿಸುತ್ತೆ ಅಂತ ನನ್ನ ಅನಿಸಿಕೆ.

1969ರಲ್ಲಿ ಡೊನಾಲ್ಡ್ ಲಿಂಡೆನ್-ಬೆಲ್ ಇನ್ನೂ ಮುಂದೆ ಹೋಗಿ, ಹತ್ತಿರದ ಗ್ಯಾಲಕ್ಸಿಗಳ ಎದೆಯಲ್ಲೂ ಊಟ ನಿಂತ ‘ಸತ್ತ ಕ್ವೇಸಾರ್’ಗಳಿರಬೇಕು ಎಂದರು. ಅದು ನಮ್ಮ ಮನೆಯಲ್ಲೇ ಸಿಕ್ಕಿತು. ಕ್ಷೀರಪಥದ ನಡುವೆ, 27 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಎಸ್2 ಎಂಬ ನಕ್ಷತ್ರ ಕಾಣದ ಬಿಂದುವೊಂದನ್ನು 16 ವರ್ಷಕ್ಕೊಮ್ಮೆ ಸುತ್ತುತ್ತೆ. ಕಕ್ಷೆ ಗೊತ್ತಿದ್ದರೆ ನಡುವಿನ ದ್ರವ್ಯರಾಶಿ ತೆಗೆಯೋದು ಪಿಯುಸಿ ಲೆಕ್ಕ: ಸುಮಾರು 40 ಲಕ್ಷ ಸೂರ್ಯರಷ್ಟು. ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ ಇದಕ್ಕಾಗಿ 2020ರ ನೊಬೆಲ್‌ನಲ್ಲಿ ಪಾಲು ಬಂತು.

ಇನ್ನೂ ಕೂಡದ ಲೆಕ್ಕ

ಕಪ್ಪುಕುಳಿ ಎಷ್ಟು ಬೇಕಾದರೂ ತಿನ್ನುವಂತಿಲ್ಲ. ಹೆಚ್ಚು ತಿಂದಷ್ಟೂ ಬೆಳಕು ಹೆಚ್ಚಿ, ಆ ಬೆಳಕಿನ ಒತ್ತಡವೇ ಊಟವನ್ನು ದೂರ ತಳ್ಳುತ್ತೆ. ಇದಕ್ಕೆ ಎಡಿಂಗ್ಟನ್ ಮಿತಿ ಅಂತಾರೆ. ಮಿತಿಯ ತುದಿಯಲ್ಲೇ ತಿಂದರೂ ದ್ರವ್ಯರಾಶಿ ದುಪ್ಪಟ್ಟಾಗಲು ಸುಮಾರು 3 ಕೋಟಿ ವರ್ಷ ಬೇಕು. ಇನ್ನು ಚಕ್ರಬಡ್ಡಿ ಲೆಕ್ಕ ಹಾಕಿ. ಸಾಯುವ ನಕ್ಷತ್ರದಿಂದ ಹುಟ್ಟಿದ 100 ಸೂರ್ಯರಷ್ಟಿನ ಕುಳಿ 80 ಕೋಟಿ ಸೂರ್ಯರಷ್ಟಾಗಲು 23 ಸಲ ದುಪ್ಪಟ್ಟಾಗಬೇಕು. ಅಂದರೆ 69 ಕೋಟಿ ವರ್ಷ, ಒಂದು ದಿನವೂ ಉಪವಾಸ ಇಲ್ಲದೆ. 2017ರಲ್ಲಿ ಪ್ರಕಟವಾದ ಒಂದು ಕ್ವೇಸಾರ್‌ನ ಕುಳಿ ಸುಮಾರು ಅಷ್ಟೇ ದೊಡ್ಡದು, ಅದು ಕಾಣೋದು ವಿಶ್ವಕ್ಕೆ 69 ಕೋಟಿ ವರ್ಷ ವಯಸ್ಸಾಗಿದ್ದಾಗ. ಮೊದಲ ನಕ್ಷತ್ರ ಹುಟ್ಟಿ ಸಾಯಲು ಸಮಯವೇ ಉಳಿಯಲಿಲ್ಲ!

ಹಾಗಾದರೆ ಬೀಜವೇ ದೊಡ್ಡದಿತ್ತಾ? ದೈತ್ಯ ಅನಿಲ ಮೋಡಗಳು ನಕ್ಷತ್ರವಾಗದೆ ನೇರ ಕುಸಿದಿರಬಹುದು ಎಂಬುದು ಒಂದು ವಾದ. ಕೊಯಮತ್ತೂರಿನಲ್ಲಿ ಹುಟ್ಟಿ ಯೇಲ್‌ನಲ್ಲಿರುವ ಪ್ರಿಯಂವದಾ ನಟರಾಜನ್ ಇದರ ಪ್ರಮುಖ ಪ್ರತಿಪಾದಕರು. 2023ರಲ್ಲಿ ಜೇಮ್ಸ್ ವೆಬ್ ಮತ್ತು ಚಂದ್ರಾ ದೂರದರ್ಶಕಗಳು ಯುಹೆಚ್‌ಝಡ್1 ಎಂಬ ಗ್ಯಾಲಕ್ಸಿಯಲ್ಲಿ, ವಿಶ್ವಕ್ಕೆ 47 ಕೋಟಿ ವರ್ಷವಾಗಿದ್ದಾಗಲೇ ದೊಡ್ಡ ಕುಳಿಯ ಸುಳಿವು ಕಂಡವು. ಇಂದಿನ ಗ್ಯಾಲಕ್ಸಿಗಳಲ್ಲಿ ಕುಳಿ ನಕ್ಷತ್ರಗಳ ಒಟ್ಟು ದ್ರವ್ಯರಾಶಿಯ ಸಾವಿರದ ಒಂದು ಪಾಲಿನ ಆಜುಬಾಜು. ಅಲ್ಲಿ ಹೆಚ್ಚುಕಮ್ಮಿ ಸಮಸಮ. ದೊಡ್ಡ ಬೀಜದ ವಾದಕ್ಕೆ ಇದು ಬಲ ಕೊಟ್ಟಿದೆ, ಮುಗಿಸಿಲ್ಲ.

ನಮಗೇನು?

ಇದರಲ್ಲಿ ನಮ್ಮ ಪಾಲೂ ಇದೆ. ಚಂದ್ರ ಮರೆಮಾಡುವ ಅದೇ ತಂತ್ರಕ್ಕಾಗಿ ಗೋವಿಂದ್ ಸ್ವರೂಪ್ ಮತ್ತು ತಂಡ ಊಟಿಯ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ ಕಟ್ಟಿದರು, 1970ರಲ್ಲಿ ಅದು ಕೆಲಸ ಶುರು ಮಾಡಿತು. ಲಡಾಖ್‌ನ ಹಾನ್ಲೆಯ ದೂರದರ್ಶಕವನ್ನು ಬೆಂಗಳೂರು ಪಕ್ಕದ ಹೊಸಕೋಟೆಯಿಂದ ನಡೆಸುತ್ತಾರೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ದತ್ತಾಂಶ ಸಾರ್ವಜನಿಕರಿಗೂ ತೆರೆದಿದೆ, ನೀವೂ ಇಳಿಸಿಕೊಳ್ಳಬಹುದು.

ಇವೆಲ್ಲ ನಮ್ಮ ತೆರಿಗೆ ದುಡ್ಡಿನ ಕೆಲಸ. 2020-21ರಲ್ಲಿ ದೇಶ ಸಂಶೋಧನೆಗೆ ಕೊಟ್ಟಿದ್ದು ಜಿಡಿಪಿಯ 0.64 ಶೇಕಡಾ ಮಾತ್ರ. ‘ಇದರಿಂದ ಹೊಟ್ಟೆ ತುಂಬುತ್ತಾ’ ಎಂಬ ಪ್ರಶ್ನೆ ಬಜೆಟ್ ಬಂದಾಗಲೆಲ್ಲ ಏಳುತ್ತೆ. ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ಉತ್ತರ ಇಷ್ಟೇ: ಕಾಣದ್ದನ್ನು ಅಳತೆಯಿಂದ ಒಪ್ಪಿಸುವ, ಒಪ್ಪದವರಿಗೆ ಅಳತೆಯಿಂದಲೇ ಉತ್ತರ ಕೊಡುವ ಜನ ಒಂದು ದೇಶಕ್ಕೆ ಬೇಕು. ಅವರು ತಯಾರಾಗೋದು ಇಂಥ ಪ್ರಶ್ನೆಗಳ ಬೆನ್ನು ಹತ್ತಿದಾಗಲೇ.