ಕಾವಲಿಗಿಟ್ಟ ಬ್ಯಾಟರಿಯೇ ಬೋರ್ಡು ತಿಂದಿತು: ಹಳೇ ಪಿನ್‌ಬಾಲ್ ಯಂತ್ರಗಳ ರಿಪೇರಿ ಚರಿತ್ರೆ

ಮಳೆಗಾಲ ಶುರುವಾಗುವ ಹೊತ್ತಿಗೆ ಅಟ್ಟದ ಮೇಲಿನ ಟಾರ್ಚ್ ತೆಗೆದು ನೋಡಿದರೆ ಒಮ್ಮೊಮ್ಮೆ ಹೊತ್ತುವುದೇ ಇಲ್ಲ. ಮುಚ್ಚಳ ತಿರುಗಿಸಿದರೆ ಸೆಲ್ಲು ರಸ ಬಿಟ್ಟಿರುತ್ತದೆ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ, ಹಸಿರು ಕಿಲುಬು. ಬಲ್ಬು ಚೆನ್ನಾಗಿದೆ, ಸ್ವಿಚ್ಚೂ ಚೆನ್ನಾಗಿದೆ. ಕೆಡಿಸಿದ್ದು ಸೆಲ್ಲು.

ಅಮೆರಿಕದ ಶಿಕಾಗೋ ನಗರದಲ್ಲಿ ತಯಾರಾದ ಎಷ್ಟೋ ಪಿನ್‌ಬಾಲ್ ಯಂತ್ರಗಳು ಸತ್ತದ್ದೂ ಹೀಗೆಯೇ. ಅವನ್ನು ಬದುಕಿಸುವ ಕೆಲಸ ಇವತ್ತಿಗೂ ನಡೆಯುತ್ತಿದೆ. ನಲವತ್ತೈದು ವರ್ಷದ ಹಿಂದಿನ ಬೋರ್ಡುಗಳು ಮತ್ತೆ ಎದ್ದು ಕೂರುವುದು ಹೇಗೆ ಎಂಬುದೇ ಈ ಬರಹ.

ಪಿನ್‌ಬಾಲ್ ನಮ್ಮಲ್ಲಿ ಹೆಚ್ಚು ಜನ ಆಡಿದ ಆಟವಲ್ಲ. ಆದರೆ ಅದರ ಅಜ್ಜನನ್ನು ನೀವು ಜಾತ್ರೆಯ ಆಟಿಕೆ ಅಂಗಡಿಯಲ್ಲಿ ನೋಡಿರಬಹುದು. ಮೊಳೆ ಹೊಡೆದ ಹಲಗೆ, ಸ್ಪ್ರಿಂಗ್ ಎಳೆದು ಬಿಟ್ಟರೆ ಮೇಲಕ್ಕೆ ಹಾರಿ ಮೊಳೆಗಳ ನಡುವೆ ಉರುಳಿ ಬರುವ ಗೋಲಿ. 1931ರಲ್ಲಿ ಶಿಕಾಗೋದ ಗಾಟ್‌ಲೀಬ್ ಕಂಪನಿ ಇಂಥದ್ದೇ ಆಟವನ್ನು ನಾಣ್ಯ ಹಾಕಿ ಆಡುವ ಪೆಟ್ಟಿಗೆಯಾಗಿ ಮಾಡಿ, 'ಬ್ಯಾಫಲ್ ಬಾಲ್' ಎಂದು ಹೆಸರಿಟ್ಟು ಮಾರಿತು. ಅದರ ಬೆನ್ನಿಗೇ 'ಬ್ಯಾಲಿಹೂ' ಬಂತು. ಬ್ಯಾಲಿ ಕಂಪನಿಗೆ ಆ ಹೆಸರು ಬಂದದ್ದು ಇದೇ ಆಟದಿಂದ. 1947ರಲ್ಲಿ ಗಾಟ್‌ಲೀಬ್‌ನ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ ಗುಂಡನ್ನು ತಿರುಗಿ ಹೊಡೆಯುವ ಪುಟ್ಟ ಕೈಗಳು ಬಂದವು. ಅವಕ್ಕೆ ಫ್ಲಿಪ್ಪರ್ ಎನ್ನುತ್ತಾರೆ. ಅಲ್ಲಿಂದ ಆಟ ಬರೀ ಅದೃಷ್ಟದ್ದಾಗಿ ಉಳಿಯಲಿಲ್ಲ.

ಆದರೂ ಜೂಜಿನ ಕಳಂಕ ಹೋಗಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಮೇಯರ್ ಲಾಗಾರ್ಡಿಯಾ 1942ರಲ್ಲಿ ಇದನ್ನು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದ್ದರು. ಆ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಎದುರೇ ಆಡಿ, ಗುಂಡು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ, ಹಾಗೆಯೇ ಇಳಿಸಿ ತೋರಿಸಿದರು. ಇದು ಕೈಚಳಕದ ಆಟ ಎಂದು ಒಪ್ಪಿಸಿದರು.

ಅದೇ ಹೊತ್ತಿಗೆ ಯಂತ್ರದ ಹೊಟ್ಟೆಯೊಳಗೂ ದೊಡ್ಡ ಬದಲಾವಣೆ ನಡೆದಿತ್ತು.

ಕಣ್ಣಿಗೆ ಕಾಣುತ್ತಿದ್ದ ದೋಷ

ಅಲ್ಲಿಯವರೆಗಿನ ಯಂತ್ರಗಳ ಒಳಗೆ ಇದ್ದದ್ದು ರಿಲೇ, ಕಾಯಿಲ್, ಸಣ್ಣ ಮೋಟಾರು, ಕಟ್ಟುಗಟ್ಟಲೆ ವೈರು. ಅಂಕ ತೋರಿಸುವುದಕ್ಕೂ ಉರುಳುವ ಚಕ್ರಗಳು. ಕೆಟ್ಟರೆ ಮೆಕ್ಯಾನಿಕ್ ಮುಚ್ಚಳ ತೆಗೆದು ನೋಡುತ್ತಿದ್ದ, ಕಿವಿಗೊಟ್ಟು ಕೇಳುತ್ತಿದ್ದ. ಯಾವ ರಿಲೇ 'ಟಕ್' ಎನ್ನಲಿಲ್ಲವೋ ಅದರ ಪಾಯಿಂಟ್ ಉಜ್ಜಿ, ಪಟ್ಟಿ ಬಗ್ಗಿಸಿ ಸರಿಮಾಡುತ್ತಿದ್ದ. ಹಳೇ ಬೈಕಿನ ಕಾಂಟ್ಯಾಕ್ಟ್ ಪಾಯಿಂಟ್ ಉಜ್ಜಿದವರಿಗೆ ಈ ಕೆಲಸ ಗೊತ್ತು.

1974ರಲ್ಲಿ ಡೇವ್ ನಟ್ಟಿಂಗ್ ಅವರ ತಂಡ ಬ್ಯಾಲಿಯ 'ಫ್ಲಿಕರ್' ಯಂತ್ರದ ಹಳೇ ಹೊಟ್ಟೆ ಕಿತ್ತು, ಇಂಟೆಲ್ 4004 ಚಿಪ್ ಕೂರಿಸಿ ನಡೆಸಿ ತೋರಿಸಿತು. 1977ರಿಂದ ದೊಡ್ಡ ಕಂಪನಿಗಳೆಲ್ಲ ಒಂದಾದ ಮೇಲೊಂದು ಎಲೆಕ್ಟ್ರಾನಿಕ್ ಬೋರ್ಡಿಗೆ ಬದಲಾದವು. ಬ್ಯಾಲಿಯ ಬೋರ್ಡಿನಲ್ಲಿ ಇದ್ದದ್ದು ಮೋಟೊರೋಲಾ 6800 ಪ್ರೊಸೆಸರ್. ಆ ವರ್ಷದ ಬ್ಯಾಲಿ ಯಂತ್ರ 'ಎಯ್ಟ್ ಬಾಲ್' ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾರಾಟವಾಯಿತು.

ಮೆಕ್ಯಾನಿಕ್‌ಗೆ ಮಾತ್ರ ಹೊಸ ತಲೆನೋವು. ಚಿಪ್ಪು ಕೆಟ್ಟರೆ ಸದ್ದಿಲ್ಲ, ಕಿಡಿಯಿಲ್ಲ. ನೋಡಿದರೆ ಎಲ್ಲ ಒಂದೇ ಥರ ಕರಿ ಹುಳುಗಳು.

ಬೇಲಿಯೇ ಹೊಲ ಮೇಯ್ದದ್ದು

ಹೊಸ ಬೋರ್ಡಿಗೆ ನೆನಪಿನ ಶಕ್ತಿ ಇತ್ತು. ಅತಿ ಹೆಚ್ಚು ಅಂಕ ಎಷ್ಟು, ಎಷ್ಟು ನಾಣ್ಯ ಬಿತ್ತು ಎಂಬ ಲೆಕ್ಕ 5101 ಎಂಬ ಸಣ್ಣ ಮೆಮೊರಿ ಚಿಪ್ಪಿನಲ್ಲಿ ಉಳಿಯುತ್ತಿತ್ತು. ಕರೆಂಟ್ ತೆಗೆದಾಗ ಅದು ಅಳಿಸಿ ಹೋಗಬಾರದಲ್ಲ? ಅದಕ್ಕೆಂದು 3.6 ವೋಲ್ಟಿನ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸುಗೆ ಹಾಕಿ ಕಾವಲಿಗೆ ಕೂರಿಸಿದರು.

ಅಂಗಡಿಯಲ್ಲಿ ಕೆಲವು ವರ್ಷ ದುಡಿದು ಮೂಲೆ ಸೇರುವ ಯಂತ್ರಕ್ಕೆ ಅದು ಸಾಕಿತ್ತು. ಆದರೆ ಯಂತ್ರಗಳು ಗೋದಾಮಿನಲ್ಲಿ ಹತ್ತಿಪ್ಪತ್ತು ವರ್ಷ ಬಿದ್ದಿದ್ದವು. ಬ್ಯಾಟರಿ ಸೋರಿತು. ಒಳಗಿನ ಕ್ಷಾರ ತಾಮ್ರದ ಗೆರೆ ಹಿಡಿದು ಹರಿದು, ಚಿಪ್ಪಿನ ಸಾಕೆಟ್ಟಿಗೆ, ಕನೆಕ್ಟರಿನ ಪಿನ್ನುಗಳಿಗೆ ಹಬ್ಬಿತು. ಬ್ಯಾಟರಿಯ ಪಕ್ಕದಲ್ಲೇ ಇದ್ದದ್ದು ಪ್ರೊಸೆಸರನ್ನು ಎಬ್ಬಿಸುವ ರೀಸೆಟ್ ಭಾಗ. ಮೊದಲ ಪೆಟ್ಟು ಅದಕ್ಕೇ. ನೆನಪು ಕಾಯಲು ಇಟ್ಟದ್ದು ತಲೆಯನ್ನೇ ತಿಂದಿತು.

ರಿಪೇರಿ ಶುರುವಾಗುವುದು ಇಲ್ಲಿಂದಲೇ. ಮೊದಲು ಬ್ಯಾಟರಿ ಕತ್ತರಿಸಿ ತೆಗೆಯುತ್ತಾರೆ. ನೀರು ಬೆರೆಸಿದ ವಿನೆಗರ್ ಹಚ್ಚಿ ಬ್ರಷ್‌ನಿಂದ ತಿಕ್ಕುತ್ತಾರೆ. ನಾವು ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಚ್ಚುತ್ತೇವಲ್ಲ, ಹಾಗೆ. ಹುಳಿ ಬಿದ್ದರೆ ಕ್ಷಾರದ ಬಲ ಮುರಿಯುತ್ತದೆ. ಆಮೇಲೆ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪೂರ್ತಿ ಒಣಗಿಸುತ್ತಾರೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹೊಳಪು ಬರುವ ತನಕ ಉಜ್ಜಬೇಕು. ಕೊಳೆತ ಸಾಕೆಟ್ ಕಿತ್ತು ಹೊಸದು ಹಾಕಬೇಕು. ತುಂಡಾದ ಗೆರೆಗೆ ಸಣ್ಣ ವೈರು ಜೋಡಿಸಬೇಕು. ಹೊಸ ಬ್ಯಾಟರಿಯನ್ನು ಅದೇ ಜಾಗದಲ್ಲಿ ಕೂರಿಸುವ ತಪ್ಪನ್ನು ಮಾತ್ರ ಯಾರೂ ಮಾಡುವುದಿಲ್ಲ. ವೈರು ಎಳೆದು ದೂರ ಇಡುತ್ತಾರೆ, ಇಲ್ಲವೇ ಬ್ಯಾಟರಿಯೇ ಬೇಡದ ಮೆಮೊರಿ ಹಾಕುತ್ತಾರೆ.

ಏಳು ಸಲ ಮಿನುಗುವ ದೀಪ

ಕಾಣದ ದೋಷ ಹುಡುಕಲು ಬ್ಯಾಲಿಯವರು ಬೋರ್ಡಿನ ಮೇಲೆ ಒಂದು ಕೆಂಪು ಎಲ್‌ಇಡಿ ಇಟ್ಟಿದ್ದರು. ಸ್ವಿಚ್ ಹಾಕಿದಾಗ ಬೋರ್ಡು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಒಂದೊಂದು ಭಾಗ ಪಾಸಾದಾಗಲೂ ದೀಪ ಒಮ್ಮೆ ಮಿನುಗುತ್ತದೆ. ಮೊದಲನೆಯದು ಪ್ರೋಗ್ರಾಂ ಚಿಪ್ಪುಗಳಿಗೆ. ಎರಡು, ಮೂರು ಮೆಮೊರಿಗೆ. ನಾಲ್ಕು, ಐದು ಹೊರಗಿನ ಸ್ವಿಚ್ಚು-ದೀಪಗಳ ಜೊತೆ ವ್ಯವಹರಿಸುವ ಎರಡು ಚಿಪ್ಪುಗಳಿಗೆ. ಆರನೆಯದು ಡಿಸ್‌ಪ್ಲೇಯ ಗಡಿಯಾರಕ್ಕೆ. ಏಳನೆಯದು ಕಾಯಿಲ್‌ಗಳಿಗೆ ಹೋಗುವ 43 ವೋಲ್ಟಿನ ಸಪ್ಲೈ ಬರುತ್ತಿದೆಯೇ ಎಂಬುದಕ್ಕೆ.

ಮೂರಕ್ಕೆ ನಿಂತರೆ ನಾಲ್ಕನೆಯದನ್ನು ನೋಡು. ಆರಕ್ಕೆ ನಿಂತರೆ ಬೋರ್ಡು ಮುಟ್ಟುವ ಮುಂಚೆ ಫ್ಯೂಸು ನೋಡು. ದೀಪ ಮಿನುಗದೆ ಹೊತ್ತಿಯೇ ನಿಂತರೆ ಸಾಮಾನ್ಯವಾಗಿ ಪ್ರೊಸೆಸರ್ ಎದ್ದೇ ಇಲ್ಲ. ಆಗ ಅದರ 40ನೇ ಪಿನ್ನಿನಲ್ಲಿ ಸುಮಾರು 5 ವೋಲ್ಟ್ ಇದೆಯೇ ಎಂದು ಮೀಟರ್ ಹಿಡಿದು ನೋಡುತ್ತಾರೆ. ಇಲ್ಲದಿದ್ದರೆ ಮತ್ತೆ ಆ ರೀಸೆಟ್ ಭಾಗಕ್ಕೇ ಹೋಗಬೇಕು.

ಡ್ರೈವರ್ ಬೋರ್ಡಿನದು ಬೇರೆ ಕಾಯಿಲೆ. ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಕಾಯಿಲ್ ಬಿಡದೆ ಎಳೆದು ಸುಟ್ಟುಹೋಗುತ್ತದೆ. ಕಾಯಿಲ್ ಅಳೆದು ನೋಡದೆ ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಅದೂ ಸುಡುತ್ತದೆ. ಡಿಸ್‌ಪ್ಲೇಗೆ ಹೋಗುವುದು ಸುಮಾರು 190 ವೋಲ್ಟ್ ಡಿಸಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು, ಕೈಯಿಟ್ಟರೆ ಹೊಡೆಯುತ್ತದೆ.

ಉಳಿದದ್ದು ಯಾಕೆ ಉಳಿಯಿತು

ಗಾಟ್‌ಲೀಬ್ ಕಂಪನಿ ತನ್ನ ಮೊದಲ ಎಲೆಕ್ಟ್ರಾನಿಕ್ ಯಂತ್ರಗಳಿಗೆ ರಾಕ್‌ವೆಲ್ ಕಂಪನಿಯ ವಿಶೇಷ ಚಿಪ್ಪುಗಳನ್ನು ಆರಿಸಿತ್ತು. ಜೇಡನ ಕಾಲುಗಳಂತೆ ಹರಡಿದ ಪಿನ್ನುಗಳ ಆ ಚಿಪ್ಪುಗಳ ತಯಾರಿ ನಿಂತುಹೋಯಿತು. ಅವು ಕೆಟ್ಟರೆ ಎಷ್ಟೋ ಸಲ ಬೋರ್ಡನ್ನೇ ಬದಲಿಸಬೇಕು. ಬ್ಯಾಲಿಯ ಬೋರ್ಡಿನಲ್ಲಿದ್ದದ್ದು ಬೇರೆ ಕಡೆಯೂ ಬಳಕೆಯಲ್ಲಿದ್ದ ಚಿಪ್ಪುಗಳು, ಅವೂ ಹೆಚ್ಚಾಗಿ ಕಿತ್ತು ಹಾಕಬಹುದಾದ ಸಾಕೆಟ್ಟಿನಲ್ಲಿ. ಜೊತೆಗೆ ಸರ್ಕ್ಯೂಟಿನ ನಕ್ಷೆಯನ್ನೂ ಕೊಡುತ್ತಿದ್ದರು.

ಗಾಟ್‌ಲೀಬ್ 1996ರಲ್ಲಿ ಮುಚ್ಚಿತು. ಬ್ಯಾಲಿಯ ಹೆಸರನ್ನೂ ಕೊಂಡಿದ್ದ ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ನಿಲ್ಲಿಸಿತು. ಕಂಪನಿ ಹೋದರೂ ಯಂತ್ರ ಉಳಿದದ್ದು ಆ ನಕ್ಷೆಯಿಂದ, ಆ ಸಾಕೆಟ್ಟಿನಿಂದ, ಆ ಏಳು ಮಿನುಗಿನಿಂದ. ಯಾವುದೋ ಊರಿನ, ತಾವು ಎಂದೂ ನೋಡದ ಮೆಕ್ಯಾನಿಕ್‌ಗೆ ಅರ್ಥವಾಗಲಿ ಎಂದು ಮಾಡಿದವರು ದಾರಿ ಬಿಟ್ಟಿದ್ದರು. ಅಂಟು ಹಾಕಿ ಮುಚ್ಚಿದ, ನಕ್ಷೆಯೇ ಸಿಗದ ಸಾಮಾನು ಕೊಳ್ಳುವಾಗ ನಾವು ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಯೂ ಅದೇ: ಇದು ಕೆಟ್ಟರೆ ನಮ್ಮೂರಲ್ಲಿ ಯಾರಾದರೂ ಬಿಚ್ಚಬಹುದೇ?

ಸದ್ಯಕ್ಕೆ ಒಂದು ಕೆಲಸ ಮಾಡಿ. ಬಳಸದೆ ಎತ್ತಿಟ್ಟ ಟಾರ್ಚು, ರಿಮೋಟು, ರೇಡಿಯೋದಿಂದ ಇವತ್ತೇ ಸೆಲ್ಲು ತೆಗೆದಿಡಿ.